ಟೀಚರಮ್ಮನ ರೂತಮ್ಮ

ಟೀಚರಮ್ಮನ ಸೊಸೆಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಚರ್ಚಿನಲ್ಲಿ ಹೂವು ಜೋಡಿಸುವ ಹೆಂಗಸರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವಳು ರೂತಮ್ಮ. ಗಂಡ ತೀರಿಕೊಂಡು ಏಳು ವರ್ಷವಾದರೂ ಅತ್ತೆಯನ್ನು ಬಿಟ್ಟು ಹೋಗದ ಸೊಸೆಗೆ ಆ ಸಭೆಯವರು ಕೊಟ್ಟ ಬಿರುದು ಅದು. ಬಿರುದೇನೋ ದೊಡ್ಡದೇ. ಕೊಟ್ಟವರಲ್ಲಿ ಒಬ್ಬರಾದರೂ ಒಂದು ಸಂಜೆ ಅವಳ ಮನೆ ಮೆಟ್ಟಿಲು ಹತ್ತಿ ಬಂದು, ‘ಹೇಗಿದ್ದೀಯಮ್ಮ’ ಎಂದು ಕೇಳಿ, ಜೊತೆಗೆ ಕೂತು ಒಂದು ಲೋಟ ಚಹಾ ಕುಡಿದಿದ್ದರೆ ಹೇಳಿ. ಇಲ್ಲ. ಒಳ್ಳೆಯವಳು ಎಂದು ಹೆಸರು ಬಿದ್ದ ಮೇಲೆ ಅವಳಿಗೇನು ಕಷ್ಟವಿದ್ದೀತು ಎಂದು ಎಲ್ಲರೂ ನೆಮ್ಮದಿಯಾಗಿದ್ದರು.

ಅತ್ತೆ ಟೀಚರಮ್ಮನವರು ನಲವತ್ತು ವರ್ಷದಿಂದ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತ ಬಂದವರು. ಅವರ ಪಾಠ ವರ್ಷದ ಆರಂಭದಲ್ಲಿ ಅಬ್ರಹಾಮನ ಜೊತೆ ಊರು ಬಿಟ್ಟು ಹೊರಟು, ಐಗುಪ್ತದಲ್ಲಿ ಇಟ್ಟಿಗೆ ಹೊತ್ತು, ಮೋಶೆಯ ಹಿಂದೆ ಸಮುದ್ರ ದಾಟಿ, ಅರಸರ ಆಳ್ವಿಕೆ ಕಂಡು, ಬಾಬೆಲಿಗೆ ಸೆರೆಹೋಗಿ ಮರಳಿ ಬಂದು, ಬೇತ್ಲೆಹೇಮಿನ ಕೊಟ್ಟಿಗೆಯನ್ನೂ ಕಲ್ವಾರಿ ಗುಡ್ಡವನ್ನೂ ಹಾದು, ವರ್ಷದ ಕೊನೆಗೆ ಪೌಲನ ಜೊತೆ ಹಡಗು ಒಡೆದುಕೊಂಡು ದಡ ಸೇರುತ್ತಿತ್ತು. ಇಷ್ಟು ದೂರದ ದಾರಿಯಲ್ಲಿ ರೂತಳ ಪಾಲಿಗೆ ಸಿಗುತ್ತಿದ್ದದ್ದು ಒಂದೇ ಭಾನುವಾರ. ಆ ಭಾನುವಾರ ಸೊಸೆ ಬಿಸ್ಕತ್ತಿನ ತಟ್ಟೆ ಹಿಡಿದು ತರಗತಿಯ ಬಾಗಿಲಲ್ಲಿ ನಿಂತಿರಬೇಕು. ಅದು ಅತ್ತೆಯ ಅಪ್ಪಣೆ.

“ಬರ ಬಂತು ಮಕ್ಕಳೇ. ನವೊಮಿ ಗಂಡನ್ನ, ಇಬ್ಬರು ಗಂಡುಮಕ್ಕಳನ್ನ ಕರ್ಕೊಂಡು ಮೋವಾಬ್ ದೇಶಕ್ಕೆ ಹೋದಳು. ಮಕ್ಕಳು ಅಲ್ಲಿನ ಹುಡುಗೀರನ್ನೇ ಮದುವೆ ಆದ್ರು. ಆಮೇಲೆ ಗಂಡನೂ ಹೋದ, ಮಕ್ಕಳಿಬ್ಬರೂ ಹೋದ್ರು. ಉಳಿದದ್ದು ಮೂರು ಜನ ವಿಧವೆಯರು. ನವೊಮಿ ತನ್ನೂರಿಗೆ ವಾಪಸ್ ಹೊರಟಾಗ ಇಬ್ಬರು ಸೊಸೇರೂ ಜೊತೆಗೆ ಹೊರಟ್ರು. ನಿಮ್ಮ ತವರಿಗೆ ಹೋಗ್ರಮ್ಮ ಅಂದಳು. ಒಬ್ಬಳು ಹೋದಳು. ರೂತ್ ಮಾತ್ರ ಹಿಡಿದ ಕೈ ಬಿಡಲಿಲ್ಲ. ಸಾಯೋತನಕ ನಿಮ್ಮ ಜೊತೆಗೇ ಅಂದಳು.”

ಇಲ್ಲಿಗೆ ಬಂದೊಡನೆ ಟೀಚರಮ್ಮ ಪುಸ್ತಕವನ್ನು ಟಪ್ಪೆಂದು ಮುಚ್ಚುತ್ತಿದ್ದರು. “ರೂತ್ ಹೇಗಿರ್ತಾಳೆ ನೋಡ್ಬೇಕಾ? ಅಲ್ನೋಡಿ!”

ಮೂವತ್ತು ತಲೆಗಳು ಒಟ್ಟಿಗೆ ಬಾಗಿಲ ಕಡೆ ತಿರುಗುತ್ತಿದ್ದವು. ಸೊಸೆ ನಗುತ್ತಿದ್ದಳು. ಮಕ್ಕಳು ಅವಳ ಮುಖವನ್ನು ಒಂದು ಗಳಿಗೆ ನೋಡಿ, ನಂತರ ಬಿಸ್ಕತ್ತು ನೋಡುತ್ತಿದ್ದರು.

ಒಂದು ರೀತಿಯಲ್ಲಿ ಟೀಚರಮ್ಮ ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಸೊಸೆಯೂ ರೂತಳಂತೆ ಹೊರಗಿನಿಂದ ಬಂದವಳು. ಅವಳ ತವರಿನಲ್ಲಿ ಚರ್ಚು, ಪ್ರಾರ್ಥನೆ ಯಾವುದೂ ಇರಲಿಲ್ಲ. ಮೆಚ್ಚಿದವನನ್ನು ಮದುವೆಯಾದದ್ದಕ್ಕೆ ತವರಿನವರು ಬಾಗಿಲು ಹಾಕಿದ್ದರು. ಮದುವೆಯಾಗಿ ಐದು ವರ್ಷಕ್ಕೆ ಗಂಡ ಜ್ವರವೆಂದು ಮಲಗಿದವನು ಏಳಲಿಲ್ಲ. ಆಗ ಮಗಳಿಗೆ ನಾಲ್ಕು ವರ್ಷ. ಸೊಸೆಗೆ ಹೋಗಲು ಬೇರೆ ಜಾಗವೂ ಇರಲಿಲ್ಲ, ಹೋಗಬೇಕೆಂದು ಅನ್ನಿಸಲೂ ಇಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದಳು. ಮನೆ ನಡೆಯಿತು. ಧರ್ಮಗ್ರಂಥವನ್ನು ಅವಳು ಯಾವತ್ತೂ ತಾನಾಗಿ ತೆರೆದು ಓದಿದವಳಲ್ಲ. ಓದಿದವರೊಬ್ಬರು ಮನೆಯಲ್ಲೇ ಇದ್ದು ದಿನವೂ ಹೇಳುತ್ತಿರುವಾಗ ಅದರ ಅಗತ್ಯವೂ ಕಂಡಿರಲಿಲ್ಲ.

ಈ ಸಲದ ರೂತಳ ಭಾನುವಾರಕ್ಕೆ ಮೊದಲು, ಅದೇ ವಾರ, ಆಸ್ಪತ್ರೆಯಲ್ಲಿ ಒಂದು ಮಾತಾಗಿತ್ತು.

ಬಟ್ಟೆ ವಿಭಾಗ ನೆಲಮಾಳಿಗೆಯಲ್ಲಿತ್ತು. ಮೇಲಿನ ವಾರ್ಡುಗಳಿಂದ ಹಾಸಿಗೆ ಬಟ್ಟೆ ಇಳಿಯುವುದು, ಒಗೆದು ಇಸ್ತ್ರಿ ಮಾಡಿದ್ದು ಮೇಲೇರುವುದು ಎಲ್ಲ ಒಂದೇ ಹಳೆಯ ಲಿಫ್ಟಿನಲ್ಲಿ. ಅದು ವಾರಕ್ಕೊಮ್ಮೆಯಾದರೂ ಮುನಿಸಿಕೊಂಡು ಎರಡು ಮಹಡಿಯ ನಡುವೆ ನಿಲ್ಲುತ್ತಿತ್ತು. ಆಗ ಲಿಫ್ಟ್ ಮೆಕ್ಯಾನಿಕ್ ಬರುತ್ತಿದ್ದ. ಐವತ್ತರ ಹತ್ತಿರದವನು, ಹೆಂಡತಿ ಇಲ್ಲದವನು, ಮಾತು ಕಡಿಮೆ. ಕೆಲಸ ಮುಗಿದ ಮೇಲೆ ಬಟ್ಟೆಯ ತಳ್ಳುಗಾಡಿಯ ಪಕ್ಕ ಕೂತು ತನ್ನ ಡಬ್ಬಿಯ ಬ್ರೆಡ್ಡು, ಮೊಟ್ಟೆ ತಿನ್ನುತ್ತಿದ್ದ. ಆ ದಿನ ತಿನ್ನದೆ ಡಬ್ಬಿ ಮುಚ್ಚಿಟ್ಟು ಹೇಳಿದ:

“ಸಂಜೆ ಮನೆಗೆ ಹೋದ್ರೆ ನಾನೇ ಬೀಗ ತೆಗೀಬೇಕು, ನಾನೇ ದೀಪ ಹಾಕ್ಬೇಕು. ನೀವು ನನ್ನ ಮದುವೆ ಆಗ್ತೀರಾ ಅಂತ ಕೇಳೋಣ ಅನ್ಕೊಂಡೆ. ಮಗಳೂ ಬರ್ಲಿ. ಯೋಚನೆ ಮಾಡಿ.”

ಅವಳು ಕೈಯಲ್ಲಿದ್ದ ಹೊದಿಕೆಯನ್ನು ಮಡಿಸಿದ್ದನ್ನೇ ಮತ್ತೆ ಬಿಚ್ಚಿ ಮಡಿಸಿದಳು.

“ಆಗಲ್ಲ ರೀ. ನಮ್ಮ ಸಭೆಯಲ್ಲಿ ನನ್ನ ರೂತ್ ಅಂತಾರೆ. ಅವಳು ಅತ್ತೆನ ಬಿಟ್ಟು ಹೋಗ್ಲಿಲ್ಲ.”

ಅವನು ಚರ್ಚಿನ ಕಡೆ ತಲೆ ಹಾಕಿ ಮಲಗದವನು. “ಯಾರೋ ನನಗೆ ಗೊತ್ತಿಲ್ಲ. ಒಳ್ಳೆಯವಳೇ ಇರ್ಬೇಕು,” ಎಂದು ಸಲಕರಣೆ ಚೀಲ ಎತ್ತಿಕೊಂಡು ಹೊರಟ. ಮುಖ ಸಣ್ಣದಾಗಿತ್ತು. ಅವನ ಡಬ್ಬಿ ತಳ್ಳುಗಾಡಿಯ ಮೇಲೇ ಉಳಿದಿದೆ ಎಂದು ಅವಳಿಗೆ ಗೊತ್ತಾದದ್ದು ಆಮೇಲೆ. ಒಳಗಿನ ಬ್ರೆಡ್ಡು ಕೆಡುತ್ತದೆಂದು ತಾನೇ ತಿಂದಳು. ತಿನ್ನುತ್ತ ಅತ್ತಳು. ಹಬೆಯ ಕೋಣೆಯಲ್ಲಿ ಎಲ್ಲರ ಮುಖವೂ ಒದ್ದೆಯೇ ಆದ್ದರಿಂದ ಯಾರೂ ಏನೂ ಕೇಳಲಿಲ್ಲ.

ಮನೆಯಲ್ಲಿ ಆಗ ಬೇರೆಯೇ ಗದ್ದಲ. ಮಗಳು ಚೂಟಿಗೆ ಹನ್ನೊಂದು ವರ್ಷ. ಹೆಸರಿಗೆ ತಕ್ಕ ಹುಡುಗಿ. ನಾಲ್ಕಾರು ಸಭೆಗಳು ಸೇರಿ ನಡೆಸುವ ಧರ್ಮಗ್ರಂಥದ ರಸಪ್ರಶ್ನೆಗೆ ಅವಳನ್ನು ಆರಿಸಿದ್ದರು. ಟೀಚರಮ್ಮನ ಉತ್ಸಾಹ ಹೇಳತೀರದು. ಮೊದಲಿನಿಂದಲೂ ಆ ಮನೆಯಲ್ಲಿ ಸಂಜೆಯ ಊಟಕ್ಕೆ ಕೂತಾಗ ಅವರು ಒಂದೊಂದು ಪ್ರಶ್ನೆ ಕೇಳುವುದು, ತಪ್ಪು ಹೇಳಿದವರು ಪಾತ್ರೆ ತೊಳೆಯುವುದು ಎಂಬ ನಿಯಮವಿತ್ತು. ಪ್ರಶ್ನೆ ಕೇಳುವವರು ತಪ್ಪು ಹೇಳುವ ಪ್ರಶ್ನೆಯೇ ಇಲ್ಲ. ಚೂಟಿ ಸರಿ ಹೇಳುತ್ತಿದ್ದಳು. ಉಳಿದವಳು ಸೊಸೆ. ಹಾಗಾಗಿ ಏಳು ವರ್ಷದಿಂದ ಪಾತ್ರೆ ತೊಳೆಯುವವರು ಯಾರು ಎಂಬ ಬಗ್ಗೆ ಆ ಮನೆಯಲ್ಲಿ ಅನುಮಾನವೇ ಇರಲಿಲ್ಲ.

ಊಟದ ಮೇಜಿಗೆ ನಾಲ್ಕು ಕುರ್ಚಿ. ನಾಲ್ಕನೆಯದು ತೀರಿಹೋದ ಮಗನದು. ಅದರ ಬೆನ್ನಿಗೆ ಅವನ ಬೂದು ಸ್ವೆಟರ್ ಇನ್ನೂ ನೇತಾಡುತ್ತಿತ್ತು. ಟೀಚರಮ್ಮ ಪ್ರತಿ ಶನಿವಾರ ಆ ಕುರ್ಚಿಯನ್ನು ಒರೆಸಿ, ಸ್ವೆಟರನ್ನು ಕೊಡವಿ, ಮತ್ತೆ ಹಾಗೆಯೇ ಹಾಕುತ್ತಿದ್ದರು. ಅದರಲ್ಲಿ ಯಾರೂ ಕೂರುವಂತಿಲ್ಲ. ಒಮ್ಮೆ ಗ್ಯಾಸ್ ಒಲೆ ರಿಪೇರಿಗೆ ಬಂದವನು ಗೊತ್ತಿಲ್ಲದೆ ಕೂತು ಬೈಸಿಕೊಂಡು, ಒಲೆ ಅರ್ಧಕ್ಕೇ ಬಿಟ್ಟು ಹೋಗಿದ್ದ.

ರೂತಳ ಭಾನುವಾರ ಕಳೆದ ಮರುದಿನ ಸಂಜೆ, ಆಲೂಗಡ್ಡೆ ಪಲ್ಯ ಬಡಿಸುತ್ತಿದ್ದಾಗ ಪ್ರಶ್ನೆ ಶುರುವಾಯಿತು.

“ಅಪೊಸ್ತಲರ ಕಾಲದ ಸಭೆಯಲ್ಲಿ ಮೊದಲ ಗೊಣಗಾಟ ಯಾತಕ್ಕೆ ಬಂತು?”

“ಊಟಕ್ಕೆ!” ಚೂಟಿ ಬಾಯಲ್ಲಿ ತುತ್ತಿಟ್ಟುಕೊಂಡೇ ಕೂಗಿದಳು. “ದಿನಾ ಬಡಿಸೋವಾಗ ಗ್ರೀಕ್ ಮಾತಾಡೋ ವಿಧವೆಯರನ್ನ ಬಿಟ್ಬಿಡ್ತಿದ್ರು. ಅದಕ್ಕೇ ಏಳು ಜನರನ್ನ ಬಡಿಸೋ ಕೆಲಸಕ್ಕೆ ಆರಿಸಿದ್ರು. ಸ್ತೆಫನ ಮೊದಲನೆಯವ.”

“ಭೇಷ್. ನುಂಗಿ ಮಾತಾಡು.”

“ದೇವರ ಮನೇಲೂ ಊಟಕ್ಕೆ ಜಗಳವಾ?” ಸೊಸೆ ಕೇಳಿದಳು.

“ಮನುಷ್ಯರಲ್ವೇನೆ ಅವರೂ? ಆಯ್ತು, ಮುಂದೆ. ದಾವೀದ ಅರಸನ ಅಪ್ಪ?”

“ಇಷಯ.”

“ಅವನಪ್ಪ?”

“ಓಬೇದ. ಅವನಪ್ಪ ಬೋವಜ, ಅಮ್ಮ ರೂತ್!”

“ಕೇಳಿದಷ್ಟಕ್ಕೆ ಉತ್ತರ ಕೊಟ್ರೆ ಸಾಕು,” ಎಂದರು ಟೀಚರಮ್ಮ. ದನಿ ಥಟ್ಟನೆ ಗಡುಸಾಗಿತ್ತು.

ಸೊಸೆ ಸೌಟು ಹಿಡಿದು ನಿಂತಳು. “ಯಾವ ರೂತ್?”

“ಎಷ್ಟು ಜನ ರೂತ್ ಇದ್ದಾರಮ್ಮ? ನಮ್ಮ ರೂತೇ. ನೀನಿದ್ದೀಯಲ್ಲ, ಆ ರೂತ್,” ಎಂದಳು ಚೂಟಿ.

“ಅವಳಿಗೆ ಮಕ್ಕಳಿರಲಿಲ್ಲವಲ್ಲೇ.”

“ಮೊದಲು ಇರಲಿಲ್ಲ. ಬೋವಜನ್ನ ಮದುವೆ ಆದ್ಮೇಲೆ ಆಯ್ತು. ಅಜ್ಜಿ ಕ್ಲಾಸಲ್ಲಿ ಅಲ್ಲಿಗೆ ನಿಲ್ಲಿಸ್ಬಿಡ್ತಾಳೆ. ನಾನು ರಸಪ್ರಶ್ನೆಗೆ ಪೂರ್ತಿ ಓದಿದೆ.”

ಟೀಚರಮ್ಮ ತಟ್ಟೆ ನೋಡುತ್ತ, “ಪಲ್ಯಕ್ಕೆ ಉಪ್ಪು ಕಡಿಮೆ,” ಎಂದರು. ಆ ಸಂಜೆ ಯಾರಿಗೂ ಮತ್ತೆ ಪ್ರಶ್ನೆ ಬರಲಿಲ್ಲ. ಪಾತ್ರೆ ಮಾತ್ರ ಸೊಸೆಯೇ ತೊಳೆದಳು.

ಮರುದಿನ ಅವಳು ಚೂಟಿಯ ಚಿಕ್ಕ ಧರ್ಮಗ್ರಂಥವನ್ನು ಊಟದ ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದಳು. ಮಧ್ಯಾಹ್ನ ಇಸ್ತ್ರಿ ಮೇಜಿನ ಮೂಲೆಯಲ್ಲಿ ಕೂತು ಓದಿದಳು. ರೂತಳ ಕಥೆ ನಾಲ್ಕೇ ಅಧ್ಯಾಯ. ಡಬ್ಬಿ ಖಾಲಿಯಾಗುವಷ್ಟರಲ್ಲಿ ಮುಗಿಯಿತು. ಅತ್ತೆ ಹೇಳುತ್ತಿದ್ದ ಕಥೆ ಮೊದಲನೆಯ ಅಧ್ಯಾಯದಲ್ಲೇ ಮುಗಿದುಹೋಗಿತ್ತು. ಇನ್ನುಳಿದ ಮೂರರಲ್ಲಿ ರೂತ್ ಹೊಲಕ್ಕೆ ಹೋಗಿ ಉದುರಿದ ತೆನೆ ಆರಿಸುತ್ತಾಳೆ, ಹೊಲದ ಯಜಮಾನ ಬೋವಜ ಅವಳನ್ನು ಮರ್ಯಾದೆಯಿಂದ ಕಾಣುತ್ತಾನೆ, ಮೈ ತೊಳೆದುಕೊಂಡು ಒಳ್ಳೆಯ ಬಟ್ಟೆ ಹಾಕಿಕೊಂಡು ಅವನ ಬಳಿ ಹೋಗು ಎಂದು ದಾರಿ ತೋರಿಸಿ ಕಳಿಸುವವಳು ಬೇರೆ ಯಾರೂ ಅಲ್ಲ, ಅತ್ತೆ ನವೊಮಿ! ಕೊನೆಯಲ್ಲಿ ಹುಟ್ಟಿದ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಸಾಕುವವಳೂ ಅವಳೇ.

ಸೊಸೆಗೆ ಮೊದಲು ನಗು ಬಂತು. ಆಮೇಲೆ ಎಂಥ ಸಿಟ್ಟು ಬಂತೆಂದರೆ ಇಸ್ತ್ರಿಗಿಟ್ಟ ಹೊದಿಕೆಯ ಒಂದು ಮೂಲೆ ಕಂದುಬಣ್ಣಕ್ಕೆ ತಿರುಗಿದ್ದೂ ಗೊತ್ತಾಗಲಿಲ್ಲ. ಇಷ್ಟು ವರ್ಷ ತನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಮಕ್ಕಳಿಗೆ ತೋರಿಸಿದ್ದು ಕಾಲುಭಾಗದ ಕಥೆಯನ್ನು. ಆ ಕಾಲುಭಾಗವನ್ನೇ ನಂಬಿ ತಾನು ಒಬ್ಬ ಒಳ್ಳೆಯ ಮನುಷ್ಯನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ್ದಳು.

ಸಂಜೆ ಟೀಚರಮ್ಮ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಸೊಸೆ ಚೀಲ ಕೆಳಗಿಡದೆ ಕೇಳಿದಳು:

“ಅತ್ತೆ, ನಿಮಗೆ ಗೊತ್ತಿತ್ತಲ್ವಾ?”

ಏನು ಎಂದು ಅವರು ಕೇಳಲಿಲ್ಲ. “ಗೊತ್ತಿಲ್ದೆ ಏನು? ನಡುರಾತ್ರಿ ಕಣಕ್ಕೆ ಹೋಗಿ ಅವನ ಕಾಲ ಹತ್ರ ಮಲಗಿದಳು ಅನ್ನೋದನ್ನ ಎಂಟು ವರ್ಷದ ಮಕ್ಕಳಿಗೆ ಹೇಳ್ಲಾ? ಯಾಕೆ ಮಲಗಿದಳು ಮಿಸ್ ಅಂತ ಒಬ್ಬ ಕೇಳ್ತಾನೆ. ಅದಕ್ಕೇ ಬಿಡ್ತಿದ್ದೆ. ನಿನ್ನ ಗಂಡ ಆ ಬೆಂಚಲ್ಲಿ ಕೂತಿದ್ದಾಗಿಂದ ಬಿಡ್ತಿದ್ದೆ.”

“ನನಗೆ ಎಂಟು ವರ್ಷ ಅಲ್ಲ ಅತ್ತೆ.”

ಟೀಚರಮ್ಮ ಬಟಾಣಿ ಸುಲಿದರು.

“ನನಗೆ ಹೇಳ್ಬಹುದಿತ್ತಲ್ಲ.”

“ಹೇಳಿದ್ರೆ ನೀನು ಹೋಗ್ತಿದ್ದೆ,” ಎಂದರು ಟೀಚರಮ್ಮ ತಲೆ ಎತ್ತದೆ.

“ನವೊಮಿ ಹೇಳಿಕೊಟ್ಟು ಕಳಿಸಿದಳಲ್ಲ!”

“ಅವಳು ನನಗಿಂತ ಒಳ್ಳೆಯವಳು. ಅದಕ್ಕೇ ಅವಳ ಹೆಸರು ಅಲ್ಲಿದೆ, ನನ್ನದಿಲ್ಲ. ಯಾರವನು?”

ಮುಚ್ಚಿಡುವ ಮನಸ್ಸಾಗಲಿಲ್ಲ. ಸೊಸೆ ಹೇಳಿದಳು. ಟೀಚರಮ್ಮ ಪೂರ್ತಿ ಕೇಳಿ, ಸುಲಿದ ಬಟಾಣಿಯನ್ನೆಲ್ಲ ತಪ್ಪಿ ಸಿಪ್ಪೆಯ ಬುಟ್ಟಿಗೆ ಸುರಿದು, ಎದ್ದು ತಮ್ಮ ಕೋಣೆಗೆ ಹೋದರು. ಸೊಸೆ ಕೂತು ಒಂದೊಂದೇ ಕಾಳು ಆರಿಸಿದಳು.

ಅವಳು ಮೆಕ್ಯಾನಿಕ್‌ನ ಡಬ್ಬಿ ತೊಳೆದು ವಾಪಸ್ ಕೊಟ್ಟದ್ದು ಮುಂದಿನ ವಾರ. ಖಾಲಿ ಡಬ್ಬಿ ಕೊಡಬಾರದೆಂದು ಬೇಯಿಸಿದ ಮೊಟ್ಟೆ ಇಟ್ಟಿದ್ದಳು.

“ಆ ಕಥೆ ನನಗೆ ಪೂರ್ತಿ ಗೊತ್ತಿರಲಿಲ್ಲ. ಅವಳು ಆಮೇಲೆ ಮದುವೆ ಆಗ್ತಾಳೆ,” ಎಂದಳು. ಮುಖ ಕೆಂಪಗಾಗಿತ್ತು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊಟ್ಟೆಯ ಸಿಪ್ಪೆ ತೆಗೆಯುವುದನ್ನು ಮರೆತು ಹಾಗೆಯೇ ಕಚ್ಚಿದ. ಅವನ ಮನೆ ದೊಡ್ಡದೇನಲ್ಲ. ಕಂಪನಿಯ ಗೋದಾಮಿನ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ, ಮುಂದೊಂದು ಜಗಲಿ. “ಜಗಲಿಗೆ ಹಲಗೆ ಹೊಡೆದ್ರೆ ಇನ್ನೊಂದು ಕೋಣೆ ಆಗುತ್ತೆ. ನಿಮ್ಮ ಅತ್ತೆನೂ ಬರ್ಲಿ. ನನಗೂ ಅಮ್ಮ ಇಲ್ಲ,” ಎಂದ.

ಎಷ್ಟು ಒಳ್ಳೆಯ ಮಾತು! ಆದರೆ ಅದನ್ನು ಕೇಳಿ ಸೊಸೆಯ ಉತ್ಸಾಹವೆಲ್ಲ ಇಳಿದುಹೋಯಿತು. ಯಾಕೆಂದು ಅವಳಿಗೆ ಆಗ ತಿಳಿಯಲಿಲ್ಲ. “ನೋಡೋಣ,” ಎಂದಳು.

ಟೀಚರಮ್ಮ ಸುಮ್ಮನೆ ಕೂರುವವರಲ್ಲ. ದೊಡ್ಡ ಮಗನನ್ನು ಭಾನುವಾರದ ಊಟಕ್ಕೆ ಕರೆಸಿದರು. ಔಷಧಿ ಕಂಪನಿಯಲ್ಲಿ ಮಾರಾಟದ ಕೆಲಸ, ಪಟ್ಟಣದ ಆ ತುದಿಯಲ್ಲಿ ಮನೆ, ತಾಯಿಯನ್ನು ನೋಡಲು ಬರುವುದು ಕ್ರಿಸ್ಮಸ್ಸಿಗೊಮ್ಮೆ. ಭಾವ ಬಂದರು, ಸೊಸೆಯ ಕುರ್ಚಿಯಲ್ಲಿ ಕೂತು ಕೋಳಿ ಹುರಿದದ್ದನ್ನು ಹೊಗಳಿದರು, ಎರಡನೇ ಸಲ ಹಾಕಿಸಿಕೊಂಡರು. ವಿಷಯ ಕೇಳಿದ ಮೇಲೆ ಬಾಯಿ ಒರೆಸಿಕೊಂಡು ಸೊಸೆಯ ಕಡೆ ತಿರುಗಿದರು.

“ಏನಿದು? ಎಲ್ರೂ ನಿನ್ನ ರೂತ್ ಅಂತ ಎಷ್ಟು ಹೊಗಳ್ತಾರೆ. ಈಗ ಹೀಗೆ ಮಾಡಿದ್ರೆ ಜನ ಏನಂತಾರೆ? ಅಮ್ಮನ ಗತಿ ಏನು?”

“ನೀವು ಕರ್ಕೊಂಡು ಹೋಗಿ ಭಾವ. ನಿಮ್ಮ ತಾಯಿ ತಾನೇ?”

“ನಾನು ಬೇಡ ಅಂದ್ನಾ? ಆದ್ರೆ ಈಗ ಮಕ್ಕಳ ಪರೀಕ್ಷೆ. ನನ್ನ ಹೆಂಡತಿಗೆ ಬೆನ್ನುನೋವು. ಮೆಟ್ಟಿಲು ಬೇರೆ ಜಾಸ್ತಿ, ಅಮ್ಮನಿಗೆ ಮಂಡಿ. ನಿನ್ನ ಹತ್ರಾನೇ ಅವಳಿಗೆ ಸರಿ. ನೀನಿದ್ದೀಯ ಅಂತಾನೇ ನಾವು ಇಷ್ಟು ವರ್ಷ ನಿಶ್ಚಿಂತೆಯಿಂದ ಇದ್ವಿ.”

“ಅದು ಗೊತ್ತಿದೆ,” ಎಂದಳು ಸೊಸೆ. “ನಿಮ್ಮ ನಿಶ್ಚಿಂತೆಗೆ ನನ್ನ ರೂತ್ ಮಾಡಿದ್ರಿ.”

“ನಾಲಿಗೆ ಉದ್ದ ಆಗಿದೆ!”

ಅಷ್ಟರಲ್ಲಿ ಚೂಟಿ, ರಸಪ್ರಶ್ನೆಯ ಗುಂಗಿನಲ್ಲೇ ಇದ್ದವಳು, ಕೈ ಎತ್ತಿದಳು. “ದೊಡ್ಡಪ್ಪ, ಬೋವಜನಿಗಿಂತ ಹತ್ತಿರದ ನೆಂಟ ಒಬ್ಬನಿದ್ದ. ಅವರ ಜವಾಬ್ದಾರಿ ನನ್ನ ಕೈಲಿ ಆಗಲ್ಲ ಅಂತ ಎಲ್ಲರ ಎದುರಿಗೆ ಚಪ್ಪಲಿ ಬಿಚ್ಚಿ ಕೊಟ್ಟ. ನಿನ್ನ ಕೈಲೂ ಆಗಲ್ಲ ಅಂದ್ರೆ ಚಪ್ಪಲಿ ಬಿಚ್ಚಿಕೊಡು.”

ಭಾವ ತಮ್ಮ ಹೊಳೆಯುವ ಬೂಟುಗಳನ್ನು ಕುರ್ಚಿಯಡಿಗೆ ಎಳೆದುಕೊಂಡರು. ಟೀಚರಮ್ಮ ಗಟ್ಟಿಯಾಗಿ ನಕ್ಕುಬಿಟ್ಟರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನೀರು ನಿಲ್ಲದೇ ಹೋದಾಗ ಎದ್ದು ಒಳಗೆ ಹೋದರು. ಮಗನ ಮಾತು ಅವರಿಗೆ ಎಲ್ಲಿ ನಾಟಿತ್ತೆಂದು ಸೊಸೆಗೆ ತಿಳಿಯಿತು. ಹೆತ್ತ ಮಗ ಬೇಡವೆಂದಿದ್ದ, ಅದೂ ಅವರ ಕೈಯೂಟ ಉಂಡು.

ಅದಾದ ಮೇಲೆ ಮನೆಯಲ್ಲಿ ಮಾತು ನಿಂತಿತು. ಊಟಕ್ಕೆ ಪ್ರಶ್ನೆಯಿಲ್ಲ. ಟೀಚರಮ್ಮ ಬೇಗ ಉಂಡು, ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟು ಕೋಣೆ ಸೇರುತ್ತಿದ್ದರು. ಸೊಸೆ ಬಯಸಿದ್ದು ಅದನ್ನೇ ಆಗಿದ್ದರೂ ಆ ಒಂದು ತೊಳೆದ ತಟ್ಟೆ ಕಂಡರೆ ಅವಳಿಗೆ ಸಂಕಟವಾಗುತ್ತಿತ್ತು. ಚೂಟಿ ರಸಪ್ರಶ್ನೆಯಲ್ಲಿ ಎರಡನೆಯ ಬಹುಮಾನ ತಂದಳು. ಯಾರೂ ಸರಿಯಾಗಿ ಸಂತೋಷಪಡಲಿಲ್ಲ. ಚರ್ಚಿನಲ್ಲಿ ಸುದ್ದಿ ಹಬ್ಬಿ, ಹೂವಿನ ಹೆಂಗಸರು ರೂತಮ್ಮ ಎನ್ನುವುದನ್ನು ನಿಲ್ಲಿಸಿ, ಯಾವ ಹೆಸರಿನಿಂದಲೂ ಕರೆಯದೆ ನಗುವುದನ್ನು ರೂಢಿ ಮಾಡಿಕೊಂಡರು.

ಹೀಗಿರುವಾಗ ಒಂದು ದಿನ ಆಸ್ಪತ್ರೆಯ ಲಿಫ್ಟಿನ ಬಾಗಿಲು ತೆರೆದರೆ, ಕೊಳೆ ಬಟ್ಟೆಯ ಗಾಡಿಯ ಪಕ್ಕ ಟೀಚರಮ್ಮ ನಿಂತಿದ್ದಾರೆ! ಭಾನುವಾರದ ಸೀರೆ, ಕೈಯಲ್ಲಿ ಚೀಲ. ಅದು ಜನರು ಓಡಾಡುವ ಲಿಫ್ಟಲ್ಲ ಎಂದು ಯಾರೋ ಹೇಳಿದ್ದಕ್ಕೆ, ಜನರ ಲಿಫ್ಟು ನೆಲಮಾಳಿಗೆಗೆ ಇಳಿಯುವುದಿಲ್ಲವಲ್ಲ ಎಂದು ಗದರಿಸಿ ಬಂದಿದ್ದರಂತೆ.

“ಎಲ್ಲಿ ಅವನು?”

ಅವನು ಮೋಟಾರಿನ ಕೋಣೆಯಿಂದ ಗ್ರೀಸು ಮೆತ್ತಿದ ಕೈಯಲ್ಲೇ ಬಂದ. ಟೀಚರಮ್ಮ ಅವನನ್ನು ಹೊರಗೆ ಕಾರಿಡಾರಿನ ಬೆಂಚಿಗೆ ಕರೆದೊಯ್ದು ಕೂರಿಸಿದರು. ಸೊಸೆ ಬಾಗಿಲ ಗಾಜಿನಾಚೆಯಿಂದ ನೋಡುತ್ತಿದ್ದಳು. ಟೀಚರಮ್ಮ ಬೆರಳೆಣಿಸಿ ಏನೋ ಕೇಳುತ್ತಿದ್ದರು, ಅವನು ಶಾಲಾ ಹುಡುಗನಂತೆ ಉತ್ತರ ಕೊಡುತ್ತಿದ್ದ. ಬಹಳ ಹೊತ್ತಾಯಿತು. ಕೊನೆಗೆ ಅವರು ಚೀಲದಿಂದ ಕರವಸ್ತ್ರ ತೆಗೆದು, ಕೈ ಒರೆಸಿಕೋ ಎಂದು ಅವನಿಗೆ ಕೊಟ್ಟದ್ದು ಕಂಡಿತು.

ಆ ಸಂಜೆ ಟೀಚರಮ್ಮ ಮೇಜಿಗೆ ಕೂತರು. ಚೂಟಿಯನ್ನು ಪಕ್ಕದ ಮನೆಗೆ ಕಳಿಸಿದ್ದರು.

“ಒಳ್ಳೆಯವನು. ಪ್ರಾರ್ಥನೆ ಮಾಡಲ್ವಂತೆ. ಇರ್ಲಿ, ನೀನೂ ಮೊದಲು ಮಾಡ್ತಿರಲಿಲ್ಲ. ನನ್ನನ್ನೂ ಕರೆದ. ಜಗಲಿಗೆ ಹಲಗೆ ಹೊಡೆಸ್ತಾನಂತೆ.” ಅವರು ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಪುಡಿಯನ್ನು ಬೆರಳಿಂದ ಒಂದು ಕಡೆ ಗುಡ್ಡೆ ಮಾಡಿದರು. “ನನಗೆ ಒಂದು ಮೂಲೆ ಸಾಕು. ಬೆಳಕು ಇಲ್ದ ಮೂಲೆಯಾದ್ರೂ ಆಯ್ತು. ನಾನೂ ಬರ್ಲಾ?”

ಸೊಸೆಗೆ ಹೂಂ ಎನ್ನುವುದು ಎಷ್ಟು ಸುಲಭವಿತ್ತು! ಎಲ್ಲರೂ ಮೆಚ್ಚುತ್ತಿದ್ದರು. ಇನ್ನೂ ದೊಡ್ಡ ರೂತಮ್ಮ ಆಗುತ್ತಿದ್ದಳು. ಆದರೆ ಅವಳ ಕಣ್ಣಿಗೆ ಆ ಹಲಗೆಯ ಕೋಣೆ ಕಂಡಿತು. ಅಲ್ಲಿ ನಾಲ್ಕನೆಯ ಕುರ್ಚಿ, ಅದರ ಬೆನ್ನಿಗೆ ಬೂದು ಸ್ವೆಟರ್. ಒಲೆಯ ಮುಂದೆ ನಿಂತರೆ ಬೆನ್ನ ಹಿಂದೆ ಉಪ್ಪು ಕಡಿಮೆ ಎನ್ನುವ ದನಿ. ಅತ್ತೆ ಬಂದರೆ ಒಬ್ಬರೇ ಬರುವುದಿಲ್ಲ. ಈ ಮನೆಯೇ ಎದ್ದು ಅಲ್ಲಿಗೆ ಬರುತ್ತದೆ. ಅತ್ತೆನೂ ಬರ್ಲಿ ಎಂದು ಮೆಕ್ಯಾನಿಕ್ ಹೇಳಿದಾಗ ತನ್ನ ಉತ್ಸಾಹ ಯಾಕೆ ಇಳಿಯಿತೆಂದು ಈಗ ಗೊತ್ತಾಯಿತು.

“ಬೇಡ ಅತ್ತೆ,” ಎಂದಳು.

ತನ್ನ ದನಿಗೆ ತಾನೇ ಬೆಚ್ಚಿದಳು.

“ಬೇಡ ಅಂದ್ರೆ?”

“ನನಗೆ ಒಂದು ಸಲ ಯಾರೂ ನೋಡದೆ ಅಡುಗೆ ಮಾಡ್ಬೇಕು. ತಪ್ಪು ಮಾಡ್ಬೇಕು. ನೀವು ಕೆಟ್ಟವರಲ್ಲ ಅತ್ತೆ. ನನಗೇ ಸಾಕಾಗಿದೆ.” ಮಾತು ಮುಗಿಯುವಷ್ಟರಲ್ಲಿ ಅವಳಿಗೆ ಅಳು ಬಂದಿತ್ತು. “ವಾರಕ್ಕೊಂದು ಸಲ ಬಂದು ನೋಡ್ತೀನಿ. ಚೂಟಿನೂ ಕರ್ಕೊಂಡು ಬರ್ತೀನಿ.”

ಟೀಚರಮ್ಮ ಗುಡ್ಡೆ ಮಾಡಿದ ಪುಡಿಯನ್ನು ಅಂಗೈಗೆ ತೆಗೆದುಕೊಂಡು ಕಿಟಕಿಯಿಂದ ಹೊರಗೆ ಹಾಕಿದರು. ಆಮೇಲೆ ಫೋನು ತೆಗೆದುಕೊಂಡು ದೊಡ್ಡ ಮಗನಿಗೆ ಮಾಡಿದರು. “ತಿಂಗಳ ಕೊನೆಗೆ ನಾನು ಅಲ್ಲಿಗೆ ಬರ್ತಿದ್ದೀನಿ. ಕೇಳ್ತಿಲ್ಲ ಕಣೋ, ಹೇಳ್ತಿದ್ದೀನಿ. ಮೆಟ್ಟಿಲು ಎಷ್ಟಾದ್ರೂ ಇರ್ಲಿ,” ಎಂದು ಇಟ್ಟರು.

ಚೂಟಿಗೆ ವಿಷಯ ಗೊತ್ತಾದಾಗ ರಂಪ ಮಾಡಿದಳು.

“ಅವರು ಕರೆದ್ರು, ಅಜ್ಜಿನೂ ಬರ್ತೀನಂದಳು, ನೀನು ಯಾಕೆ ಬೇಡ ಅಂದೆ?”

“ನಿನಗೆ ಈಗ ಗೊತ್ತಾಗಲ್ಲ ಪುಟ್ಟಿ.”

“ಅಜ್ಜಿನೂ ಹಾಗೇ ಅಂತಿದ್ದಳು, ಮಕ್ಕಳಿಗೆ ಗೊತ್ತಾಗಲ್ಲ ಅಂತ!” ಎಂದು ಹುಡುಗಿ ಬಾಗಿಲು ಬಡಿದುಕೊಂಡು ಹೋದಳು. ಅವತ್ತಿನಿಂದ ತಾಯಿಯ ಜೊತೆ ಬೇಕಾದಷ್ಟೇ ಮಾತು. ತನ್ನ ಪಾಲಿಗೆ ಎರಡು ಕಡೆಯೂ ಯಾರೂ ಇಲ್ಲವೆಂದು ಸೊಸೆಗೆ ಅನ್ನಿಸಿದ ದಿನಗಳವು. ಮದುವೆ ಮುಂದಿನ ತಿಂಗಳು, ಅಲ್ಲಿಯವರೆಗೆ ತಾಯಿ ಮಗಳು ಇದೇ ಮನೆಯಲ್ಲಿರುವುದೆಂದು ಮಾತಾಗಿತ್ತು. ಅತ್ತೆಯ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಒಂದೊಂದಾಗಿ ಪೆಟ್ಟಿಗೆಗೆ ಇಡುತ್ತಿದ್ದಳು. ಪೆಟ್ಟಿಗೆ ತುಂಬುತ್ತಿದ್ದಂತೆ ಮನೆ ಬರಿದಾಗುತ್ತಿತ್ತು.

ಭಾವ ವ್ಯಾನು ತಂದ ಬೆಳಿಗ್ಗೆ, ಮೊದಲು ಕೆಳಗಿಳಿದದ್ದು ಮಗನ ಕುರ್ಚಿ. ಚೂಟಿ ಅದನ್ನು ಹಿಡಿದುಕೊಂಡು ದೊಡ್ಡಪ್ಪನ ಜೊತೆ ಮೆಟ್ಟಿಲಿಳಿದಳು. ಕೋಣೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಟೀಚರಮ್ಮ ಹಾಸಿಗೆ ತೆಗೆದ ಬರಿಯ ಮಂಚದ ಮೇಲೆ ಕೂತಿದ್ದರು. ಸೊಸೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು.

“ನನ್ನ ಮೇಲೆ ಕೋಪ ಇದೆಯಾ ಅತ್ತೆ?”

“ಇದೆ,” ಎಂದರು ಟೀಚರಮ್ಮ. “ಹಗ್ಗ ಇನ್ನೊಂದು ಸುತ್ತು ಹಾಕು.”

ಅವಳು ಹಾಕಿದಳು.

“ಇಬ್ಬರು ಸೊಸೇರಿದ್ರಲ್ಲ, ಒಬ್ಬಳು ಹೋದಳು ಅಂತ ಒಂದೇ ಮಾತಲ್ಲಿ ಮುಗಿಸ್ಬಿಡ್ತಿದ್ದೆ. ಒರ್ಫಾ ಅಂತ ಅವಳ ಹೆಸರು. ಮಕ್ಕಳು ಯಾರಾದ್ರೂ ಕೇಳಿದ್ರೆ, ನೀವು ಅವಳ ಥರ ಆಗ್ಬೇಡಿ ಅಂತಿದ್ದೆ. ಮೊನ್ನೆ ತೆಗೆದು ಮತ್ತೆ ಓದಿದೆ. ಅವಳನ್ನ ಅಲ್ಲಿ ಯಾರೂ ಬೈದಿಲ್ಲ. ತುಂಬ ಅತ್ತಳು, ಅತ್ತೆಗೆ ಮುತ್ತು ಕೊಟ್ಟಳು, ಹೋದಳು. ಅಷ್ಟೇ ಇರೋದು. ಕೆಟ್ಟವಳು ಅಂತ ಸೇರಿಸಿದ್ದು ನಾನು.”

ಸೊಸೆ ಹಗ್ಗದ ತುದಿ ಹಿಡಿದು ಹಾಗೇ ಕೂತಳು. “ಆಮೇಲೆ ಅವಳು ಏನಾದಳು?”

“ಬರೆದಿಲ್ಲ. ಚೆನ್ನಾಗೇ ಇದ್ದಿರ್ಬೇಕು. ನವೊಮಿ ಹರಸಿ ಕಳಿಸಿದ್ದಳಲ್ಲ. ನಿನಗೆ ಒಳ್ಳೆ ಗಂಡ ಸಿಗ್ಲಿ, ಅವನ ಮನೇಲಿ ನೆಮ್ಮದಿ ಇರ್ಲಿ ಅಂತ.” ಟೀಚರಮ್ಮ ಕಿಟಕಿಯ ಕಡೆ ನೋಡಿದರು. ಕೆಳಗೆ ಭಾವ ಎರಡು ಸಲ ಹಾರ್ನ್ ಹೊಡೆದರು. “ಹೋಗು ಅಂತ ಅವಳು ಬಾಯಿಬಿಟ್ಟು ಹೇಳಿದ್ದಳು. ನಾನು ನಿನಗೆ ಒಂದು ದಿನವೂ ಹೇಳ್ಲಿಲ್ಲ. ನನ್ನ ಮಗನ್ನ ಮಣ್ಣಿಗಿಟ್ಟು ಬಂದ ದಿನಾನೇ ಹೇಳ್ಬೇಕಿತ್ತು. ಹೆದರಿಕೆ ಆಯ್ತು.”

ಸೊಸೆ ನೆಲದಲ್ಲೇ ಸರಿದು ಹತ್ತಿರ ಬಂದಳು. ಟೀಚರಮ್ಮ ಅವಳ ತಲೆಯ ಮೇಲೆ ಕೈಯಿಟ್ಟು, ಪಾಠ ಹೇಳುವ ದನಿಯಲ್ಲಲ್ಲ, ಸಣ್ಣಗೆ, “ಹೋಗು,” ಎಂದರು.

ಇಷ್ಟು ವರ್ಷದಲ್ಲಿ ಮಂಡಿಗೆ ಎಣ್ಣೆ ಹಚ್ಚುವಾಗ ಬಿಟ್ಟರೆ ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದವರಲ್ಲ. ಸೊಸೆ ಎದ್ದು ಅತ್ತೆಯ ಕೆನ್ನೆಗೆ ಮುತ್ತು ಕೊಟ್ಟಳು. ಇಬ್ಬರೂ ಅತ್ತರು. ಮತ್ತೆ ಹಾರ್ನ್ ಕೇಳಿಸಿತು. ಟೀಚರಮ್ಮ ಮುಖ ಒರೆಸಿಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಸೊಸೆ ಪೆಟ್ಟಿಗೆ ಹೊತ್ತು ಹಿಂದೆ ಹೋಗಿ ವ್ಯಾನಿನಲ್ಲಿಟ್ಟಳು. ಚೂಟಿ ಅಜ್ಜಿಯ ಪಕ್ಕ ಹತ್ತಿ ಕೂತಿದ್ದಳು. ಅಲ್ಲಿಯವರೆಗೆ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತೇನೆಂದು ತಾಯಿಯ ಮುಖ ನೋಡದೆ ಹೇಳಿದಳು.

ವ್ಯಾನು ಬೀದಿಯ ತಿರುವು ದಾಟಿತು. ಸೊಸೆ ಮೆಟ್ಟಿಲು ಹತ್ತಿ ಮೇಲೆ ಬಂದಳು. ಬಾಗಿಲು ತೆರೆದೇ ಇತ್ತು. ಒಳಗೆ ಅವಳನ್ನು ನೋಡುವವರು, ಕೇಳುವವರು, ತಪ್ಪು ಹಿಡಿಯುವವರು ಯಾರೂ ಇರಲಿಲ್ಲ. ಅವಳು ಬೇಕೆಂದು ಕೇಳಿದ್ದು ಇದನ್ನೇ, ಸಿಕ್ಕಿತ್ತು ಕೂಡ. ಹೊಸ್ತಿಲು ದಾಟಲು ಮಾತ್ರ ಬಹಳ ಹೊತ್ತು ಕಾಲು ಬರಲಿಲ್ಲ.